ರೊಟ್ಟಿ ತಟ್ಟುವವರಿಗೆ ಬಾಕಿ ಏಕೆ?

ಮಾನ್ಯರೇ,

ಕಲಬುರಗಿಯ ಮಹಿಳಾ ಸ್ವಸಹಾಯ ಸಂಘಗಳ ಉದ್ಯಮಗಳಿಗೆ ಇಂದು ತರಬೇತಿಗಿಂತ ತುರ್ತಾಗಿ ಬೇಕಿರುವುದು ಮಾರಿದ ಸರಕಿನ ಹಣ. ನಮ್ಮ ಓಣಿಯ ಸಂಘದವರು ನಸುಕಿನಲ್ಲೇ ಹೆಂಚು ಕಾಯಿಸಿ ಜೋಳದ ರೊಟ್ಟಿ ತಟ್ಟುತ್ತಾರೆ. ಕಡಕ್ ರೊಟ್ಟಿಯನ್ನು ನೂರರಂತೆ ಎಣಿಸಿ ಕಟ್ಟುತ್ತಾರೆ. ಜೋಳಕ್ಕೆ, ಉರುವಲಿಗೆ ನಗದು ಕೊಡಬೇಕು. ರೊಟ್ಟಿ ಒಯ್ದ ಕ್ಯಾಂಟೀನಿನವರು ಮಾತ್ರ ಎರಡು ತಿಂಗಳಾದರೂ ‘ಮುಂದಿನ ವಾರ’ ಎನ್ನುತ್ತಲೇ ಇದ್ದಾರೆ. ಮೇಳಗಳಲ್ಲಿ ಹಾರ, ಫೋಟೊಗಳಿಗೇನೂ ಕೊರತೆಯಿಲ್ಲ!

2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಉದ್ಯಮಕ್ಕೆ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು; ತಪ್ಪಿದರೆ ಚಕ್ರಬಡ್ಡಿ ತೆರಬೇಕು. ಆದರೆ ಪಾಸ್‌ಬುಕ್ ಮತ್ತು ನಡಾವಳಿ ಪುಸ್ತಕವಷ್ಟೇ ಇರುವ, ಉದ್ಯಮವಾಗಿ ನೋಂದಣಿಯಾಗದ ಸಂಘ ಈ ಹಕ್ಕು ಕೇಳುವುದು ಹೇಗೆ? ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ದೊರೆತಿದೆ. ಆ ಹೆಸರಿನಲ್ಲಿ ಬೇಳೆ ಮಾರಲು ಹೊರಡುವ ಸಂಘಗಳಿಗೂ ನಾಳೆ ಇದೇ ಪಾಡು ಬರಬಾರದು.

ಜಿಲ್ಲಾ ಪಂಚಾಯಿತಿಯು ತಾಲ್ಲೂಕುವಾರು ಶಿಬಿರ ನಡೆಸಿ, ಸಂಘಗಳಿಗೆ ಕೇಂದ್ರ ಸರ್ಕಾರದ ಉಚಿತ ಉದ್ಯಮ ನೋಂದಣಿಯಾದ ‘ಉದ್ಯಮ್’ ಮಾಡಿಸಲಿ. ಸರ್ಕಾರಿ ವಸತಿ ನಿಲಯಗಳು ಇವರಿಂದಲೇ ರೊಟ್ಟಿ ಖರೀದಿಸಿ, 15 ದಿನಗಳಲ್ಲಿ ಸಂಘದ ಖಾತೆಗೆ ಹಣ ಜಮಾ ಮಾಡಲಿ.

– ಓದುಗ, ಶಹಾಬಜಾರ, ಕಲಬುರಗಿ