ಕಲ್ಲು ಹೊದಿಸಿದ ಹಳ್ಳಿಮನೆ ಸರಿಪಡಿಸುವವರಿಗೆ

ಸದಸ್ಯರೇ, ಗೋಡೆಗೆ ಹೊದಿಸಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಿಲ್ಲೆಗಳನ್ನು ಮೊದಲು ತಟ್ಟಿ ನೋಡಿ. ಟೊಳ್ಳು ಸದ್ದು ಬಂದಷ್ಟನ್ನೇ ಕಿತ್ತು ಮತ್ತೆ ಕೂರಿಸಿ, ಪೂರ್ತಿ ಕೀಳುವುದು ಬೇಡ.

ಸಂದಿಗೆ ಬರೀ ಸಿಮೆಂಟ್ ತುಂಬಲೇಬೇಡಿ. ಮುರಕಲ್ಲು ನೀರು ಹೀರುತ್ತದೆ. ಗಟ್ಟಿ ಸಂದು ಆ ತೇವವನ್ನು ಹೊರಬಿಡದೆ ಕಲ್ಲಿನ ಅಂಚೇ ಉದುರುತ್ತದೆ. 1 ಪಾಲು ಸುಣ್ಣ, 3 ಪಾಲು ತೊಳೆದ ಮರಳು ಕಲಸಿ ತುಂಬಿ, ವಾರವಿಡೀ ನೀರು ಚಿಮುಕಿಸಿ. ವಾರ್ನಿಶ್ ಬಳಿದರೂ ತೇವ ಒಳಗೇ ನಿಂತು ಸಿಪ್ಪೆ ಏಳುತ್ತದೆ.

ಹಂಚಿನ ಮಾಡನ್ನು ಗೋಡೆಯಿಂದ 3 ಅಡಿ ಹೊರಚಾಚಿ. ನೀರು ಬೀಳುವಲ್ಲಿ ಇಂಟರ್‌ಲಾಕ್ ನೆಲಹಾಸು ಇಟ್ಟಿಗೆಯ ಬದಲು 2 ಅಡಿ ಅಗಲಕ್ಕೆ ಜಲ್ಲಿ ಹಾಕಿದರೆ ಕೆಸರು ಸಿಡಿಯದು, ಗೋಡೆಯ ಬುಡ ಪಾಚಿಗಟ್ಟದು. ಅಂಗಳ ಎತ್ತರಿಸುವಾಗ ಹಲಸಿನ ಬುಡಕ್ಕೆ ಮಣ್ಣು ಏರಿಸಬೇಡಿ, ಬೇರು ಉಸಿರುಗಟ್ಟುತ್ತದೆ.

ಸುಣ್ಣ ಗಟ್ಟಿಯಾಗಲು ಸಮಯ ಬೇಕು. ಮಳೆಗಾಲಕ್ಕೆ ಮೊದಲೇ ಅದು ಗಟ್ಟಿಯಾಗುವಂತೆ ಸಂದಿನ ಕೆಲಸ ಮಾರ್ಚ್ ಒಳಗೆ ಮುಗಿಯಲಿ.