ಉಳ್ಳಾಗಡ್ಡಿಯನ್ನು ಈರುಳ್ಳಿ ಮಾಡಬೇಡ

ನವನಗರ, ಬಾಗಲಕೋಟೆ

ಪ್ರೀತಿಯ ಮಗಳಿಗೆ ಕಾಕಾನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನೀನು ಕಳಿಸಿದ ಕತೆಯನ್ನು ಎರಡು ಸಲ ಓದಿದೆ. ಚೆನ್ನಾಗಿದೆ. ಆದರೆ ಒಂದು ಕಡೆ ಎಡವಿ ಬಿದ್ದೆ. ನಿನ್ನ ಕತೆಯ ಆಯಿ ಮೊಮ್ಮಗಳಿಗೆ "ಸ್ವಲ್ಪ ಈರುಳ್ಳಿ ಹೆಚ್ಚಿಕೊಡು" ಎನ್ನುತ್ತಾಳೆ. ನಮ್ಮ ಆಯಿ ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಈರುಳ್ಳಿ ಅಂದದ್ದನ್ನು ನೀನು ಕೇಳಿದ್ದೀಯಾ? ಆಕೆ ಉಳ್ಳಾಗಡ್ಡಿಯನ್ನು ಹೆಚ್ಚುವವಳೂ ಅಲ್ಲ. ರೊಟ್ಟಿಯ ಪಕ್ಕ ಇಟ್ಟು ಮುಷ್ಟಿಯಿಂದ ಒಂದು ಗುದ್ದುತ್ತಾಳೆ, ಅಷ್ಟೇ.

ಫೋನಿನಲ್ಲಿ ಕೇಳಿದಾಗ ನೀನು ಹೇಳಿದೆ, ಬೆಂಗಳೂರಿನ ಗೆಳತಿಯರು ನಕ್ಕರು, ಅದಕ್ಕೇ ತೆಗೆದೆ, ಗಾದೆಗಳನ್ನೂ ತೆಗೆದೆ ಎಂದು. ನಾನು ಆಗ ಏನೂ ಹೇಳಲಿಲ್ಲ. ಸಿಟ್ಟಿನಲ್ಲಿ ಮಾತಾಡುವುದಕ್ಕಿಂತ ಬರೆಯುವುದು ಒಳ್ಳೆಯದು ಅನಿಸಿತು.

ಸ್ಪೇನ್ ದೇಶದ ಸರ್ವಾಂಟೆಸ್ ಬರೆದ ಡಾನ್ ಕ್ವಿಕ್ಸೋಟ್ ಗೊತ್ತಲ್ವಾ? ಅವರ ಬಾಯಲ್ಲಿ ಅದು ಕಿಹೋತೆ. ಮೊದಲ ಭಾಗ ಬಂದದ್ದು 1605ರಲ್ಲಿ, ಎರಡನೆಯದು 1615ರಲ್ಲಿ. ಕತೆ ಬಹಳ ಸರಳ. ವೀರರ ಕತೆಗಳನ್ನು ಹಗಲೂ ರಾತ್ರಿ ಓದಿ ತಲೆ ಕೆಟ್ಟ ಒಬ್ಬ ಹಳ್ಳಿಯ ಗೌಡ ತಾನೇ ವೀರ ಎಂದುಕೊಂಡು ಹೊರಡುತ್ತಾನೆ. ದೊಡ್ಡಾಟ ನೋಡಿ ನೋಡಿ ಮನೆಯಲ್ಲೂ ರಾಜನ ಹಾಗೆ ಮಾತಾಡುವವರು ನಮ್ಮಲ್ಲೂ ಇದ್ದರು, ಹಾಗೆ. ಅವನ ಹತ್ತಿರ ಇದ್ದದ್ದು ಒಂದು ಈಟಿ, ಹಳೇ ಗುರಾಣಿ, ಬಡಕಲು ಕುದುರೆ, ಓಡುವ ಬೇಟೆನಾಯಿ. ಆ ನಾಯಿಯ ಮಾತು ಬಂದಾಗೆಲ್ಲ ನನ್ನ ಕಣ್ಣಿಗೆ ಮುಧೋಳದ ನಾಯಿಯೇ ಬರುತ್ತದೆ. ಏನು ಮಾಡಲಿ, ಹುಟ್ಟಿದ ಜಿಲ್ಲೆ ಇದು.

ಮೊದಲ ಸಲ ಅವನು ಒಬ್ಬನೇ ಹೋಗುತ್ತಾನೆ. ಓದಿ ನೋಡು, ಅಲ್ಲಿ ನಗು ಇದೆ, ಆದರೆ ಮಾತಿಗೆ ಜೊತೆ ಇಲ್ಲ. ಒದೆ ತಿಂದು ಊರಿಗೆ ಮರಳಿ, ಮತ್ತೆ ಹೊರಡುವಾಗ ಪಕ್ಕದ ರೈತ ಸಾಂಚೋ ಪಾಂಜಾ ಕತ್ತೆ ಹತ್ತಿ ಜೊತೆಗೆ ಬರುತ್ತಾನೆ. ಓದು ಬರಹ ಇಲ್ಲದವನು. ಗಾಳಿಯಂತ್ರಗಳನ್ನು ರಾಕ್ಷಸರೆಂದು ತಿಳಿದು ಏರಿ ಹೋಗುವ ಪ್ರಸಂಗ ಬರುವುದು ಆಮೇಲೆಯೇ. ಮೂವತ್ತು ನಲವತ್ತು ಗಾಳಿಯಂತ್ರ ಇರುತ್ತವೆ. "ಅವು ರಾಕ್ಷಸರಲ್ಲ ಧಣಿ, ಗಾಳಿಯಂತ್ರ" ಎಂದು ಹೇಳಲು ಸಾಂಚೋ ಪಕ್ಕದಲ್ಲಿ ಇದ್ದಾನೆ. ಆ ಎರಡನೇ ದನಿ ಇಲ್ಲದಿದ್ದರೆ ಆ ಪ್ರಸಂಗ ಒಬ್ಬ ಹುಚ್ಚನ ಬೀಳಾಟ ಆಗುತ್ತಿತ್ತು. ದೊಡ್ಡಾಟದಲ್ಲಿ ರಾಜ ಎಷ್ಟು ಗರ್ಜಿಸಿದರೂ ಪಕ್ಕದಲ್ಲಿ ಸಾರಥಿ ಇಲ್ಲದಿದ್ದರೆ ಆಟ ಕಟ್ಟುವುದಿಲ್ಲವಲ್ಲ, ಇದೂ ಹಾಗೇ.

ನಾಲ್ಕು ನೂರು ವರ್ಷ ದಾಟಿದರೂ ಆ ಗಾಳಿಯಂತ್ರ ಇನ್ನೂ ತಿರುಗುತ್ತಿದೆ. ಇಲ್ಲದ ಶತ್ರುವಿನ ಮೇಲೆ ಯುದ್ಧಕ್ಕೆ ಹೋಗುವವನ ಬಗ್ಗೆ ಮಾತಾಡುವಾಗ ಇಂಗ್ಲಿಷಿನವರು ಅದನ್ನೇ ಹೇಳುತ್ತಾರೆ. ಕೈಗೂಡದ ಆದರ್ಶದ ಹಿಂದೆ ಓಡುವುದಕ್ಕೆ ಅವರ ಭಾಷೆಯಲ್ಲಿ ಕ್ವಿಕ್ಸಾಟಿಕ್ ಎಂಬ ಪದವೇ ಇದೆ. ಪುಸ್ತಕ ಓದದವರೂ ಬಳಸುತ್ತಾರೆ. ಸ್ಪೇನಿನಲ್ಲಿ 10, 20, 50 ಸೆಂಟಿನ ನಾಣ್ಯಗಳ ಮೇಲೆ ಸರ್ವಾಂಟೆಸ್ ಮುಖ ಇದೆ. ಸ್ಪ್ಯಾನಿಷ್ ಕಲಿಸಲು ಆ ದೇಶ 1991ರಲ್ಲಿ ಕಟ್ಟಿದ ಸಂಸ್ಥೆಗೂ ಅವನದೇ ಹೆಸರು, ದಿಲ್ಲಿಯಲ್ಲೂ ಅದರ ಶಾಖೆ ಇದೆ. ಸ್ಪ್ಯಾನಿಷನ್ನು ಸರ್ವಾಂಟೆಸ್‌ನ ಭಾಷೆ ಎಂದೇ ಕರೆಯುತ್ತಾರೆ. ನನ್ನನ್ನು ಕೇಳಿದರೆ ಅದರಲ್ಲಿ ಅರ್ಧ ಪಾಲು ಸಾಂಚೋನದು.

ಈಗ ಉಳ್ಳಾಗಡ್ಡಿಗೆ ಬರುತ್ತೇನೆ. ಎರಡನೇ ಭಾಗದಲ್ಲಿ ಒಬ್ಬ ದೊಡ್ಡ ಜಹಗೀರುದಾರ ತಮಾಷೆಗೆಂದು ಸಾಂಚೋನನ್ನು ಒಂದು ಊರಿನ ಅಧಿಕಾರಿ ಮಾಡುತ್ತಾನೆ. ಹೊರಡುವ ಮೊದಲು ಅವನ ಧಣಿ ಕ್ವಿಕ್ಸೋಟ್ ಅವನನ್ನು ಕೋಣೆಯಲ್ಲಿ ಕೂರಿಸಿ ಬುದ್ಧಿ ಹೇಳುತ್ತಾನೆ. ನಾನು ನಿನಗೆ ಹೇಳುವ ಹಾಗೆ ಅಂದುಕೋ. ಉಗುರು ಕತ್ತರಿಸು. ಬೆಳ್ಳುಳ್ಳಿ, ಉಳ್ಳಾಗಡ್ಡಿ ತಿನ್ನಬೇಡ, ವಾಸನೆಯಿಂದ ನಿನ್ನ ಹಳ್ಳಿತನ ಗೊತ್ತಾಗುತ್ತದೆ. ಮಾತಿನಲ್ಲಿ ಗಾದೆ ಸುರಿಯಬೇಡ. ಆಗ ಸಾಂಚೋ ಏನು ಮಾಡುತ್ತಾನೆ ಗೊತ್ತಾ? ಆಗಲಿ ಎಂದು ಒಪ್ಪಿ, ಅದೇ ಉಸಿರಿಗೆ ಸಾಲಾಗಿ ಗಾದೆ ಹೇಳುತ್ತಾನೆ. ಧಣಿ ತಲೆ ಚಚ್ಚಿಕೊಳ್ಳುತ್ತಾನೆ. ನಮ್ಮ ಆಯಿಯ ಮುಂದೆ ನಿಮ್ಮಪ್ಪ ಕೂತ ಹಾಗೇ.

ಸಾಂಚೋ ಅಧಿಕಾರ ಮಾಡಿದ್ದು ಕೆಲವೇ ದಿನ. ಒಬ್ಬ ಮುದುಕ ಹತ್ತು ಚಿನ್ನದ ನಾಣ್ಯ ಸಾಲ ತೀರಿಸಿದ್ದೇನೆಂದು ಆಣೆ ಮಾಡುತ್ತಾನೆ. ಆಣೆ ಮಾಡುವಷ್ಟು ಹೊತ್ತು ತನ್ನ ಬೆತ್ತವನ್ನು ಸಾಲ ಕೊಟ್ಟವನ ಕೈಗೆ ಕೊಟ್ಟಿರುತ್ತಾನೆ. ಸಾಂಚೋ ಆ ಬೆತ್ತ ಮುರಿಸುತ್ತಾನೆ. ನಾಣ್ಯ ಅದರೊಳಗೇ ಇರುತ್ತವೆ. ಕೈಗೆ ಕೊಟ್ಟೆ ಎಂಬ ಆಣೆ ಸುಳ್ಳೂ ಅಲ್ಲ, ನೋಡು! ಇಂಥ ಬುದ್ಧಿ ಅವನಿಗೆ ಬಂದದ್ದು ಊರಿನಲ್ಲಿ ಕೇಳಿದ ಕತೆಯಿಂದ.

ಅದೇ ಧಣಿ ಅದೇ ಕೋಣೆಯಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದಾನೆ. ರೈತರ ಮನೆಯಿಂದ ಬಂದವನು ಎಂದು ಹೇಳಿಕೊಳ್ಳಲು ನಾಚಬೇಡ ಎಂದು. ನಿನ್ನ ಗೆಳತಿಯರು ಮೊದಲ ಬುದ್ಧಿಮಾತನ್ನು ಮಾತ್ರ ಹೇಳಿದ್ದಾರೆ. ನಾನು ಎರಡನೆಯದನ್ನು ಹೇಳುತ್ತಿದ್ದೇನೆ.

ಹಾಗಂತ ಪ್ರತಿ ಸಾಲನ್ನೂ ನಮ್ಮ ಕಡೆಯ ಉಚ್ಚಾರದಲ್ಲಿ ತಿರುಚಿ ಬರೆಯಬೇಡ. ಅದು ಇಳಕಲ್ ಸೀರೆಯನ್ನು ಬರೀ ಫೋಟೋಕ್ಕಾಗಿ ಉಟ್ಟ ಹಾಗೆ. ಧಣಿಯ ದೂರಿನಲ್ಲೂ ನ್ಯಾಯ ಇತ್ತು, ಸಾಂಚೋ ಗಾದೆಗಳನ್ನು ಜುಟ್ಟು ಹಿಡಿದು ಎಳೆದು ತರುತ್ತಿದ್ದ. ನಿನ್ನ ಕತೆಯಲ್ಲಿ ಒಂದು ಗಾದೆ ಸಾಕು. ಸೊಸೆ ಒಲೆಯನ್ನು ಬೈಯುವಾಗ ಆಯಿ "ಕುಣಿಲಾರದಾಕಿ ಅಂಗಳ ಡೊಂಕ ಅಂದ್ಲಂತ" ಎಂದು ಗೊಣಗಲಿ. ಮೊದಲ ಕರಡಿನಲ್ಲಿ ಅದು ಇತ್ತು. ವಾಪಸ್ ತಾ.

ಆ ಪುಸ್ತಕ ಸಿಕ್ಕರೆ ಓದು. ಮೊದಲ ಭಾಗದ ನಡುವೆ ತುರುಕಿದ ಬೇರೆ ಕತೆಗಳು ನನಗೆ ಬೇಸರ ತಂದವು, ಬಿಟ್ಟು ಮುಂದೆ ಹೋದರೆ ಪಾಪವಿಲ್ಲ. ಆಗಿನ ಓದುಗರೂ ಅದನ್ನೇ ದೂರಿದ್ದರು. ಸರ್ವಾಂಟೆಸ್ ಆ ದೂರನ್ನು ಎರಡನೇ ಭಾಗದಲ್ಲಿ ತಾನೇ ಬರೆದುಕೊಂಡಿದ್ದಾನೆ. ಯುದ್ಧದಲ್ಲಿ ಎಡಗೈ ಊನವಾಗಿ, ಅಲ್ಜೀರ್ಸ್‌ನಲ್ಲಿ ಐದು ವರ್ಷ ಸೆರೆ ಇದ್ದು ಬಂದ ಮನುಷ್ಯ, ಮೊದಲ ಭಾಗ ಅಚ್ಚಾದಾಗ ವಯಸ್ಸು ಐವತ್ತೇಳು. ನಿನಗೆ ಇನ್ನೂ ಇಪ್ಪತ್ತಮೂರು. ಸಂಕ್ರಾಂತಿಯೊಳಗೆ ಹೊಸ ಕರಡು ಕಳಿಸಿದರೆ ಸಾಕು.

ಆಯಿ ಪಕ್ಕದಲ್ಲೇ ಕೂತಿದ್ದಾಳೆ. ಏನು ಬರೆಯುತ್ತಿದ್ದೀ ಎಂದಳು. ಉಳ್ಳಾಗಡ್ಡಿ ತಿನ್ನಬೇಡ ಎಂದ ಒಬ್ಬ ಸ್ಪೇನಿನ ಗೌಡನ ಸುದ್ದಿ ಎಂದೆ. "ಮತ್ತ ಅಂವಾ ಏನ್ ಉಣತಿದ್ದ?" ಎಂದು ಕೇಳಿದಳು. ಶುಕ್ರವಾರ ಬೇಳೆ ಎಂದು ಮೊದಲ ಪುಟದಲ್ಲೇ ಬರೆದಿದೆ ಎಂದೆ. "ಉಳ್ಳಾಗಡ್ಡಿ ಇಲ್ಲದ ಬ್ಯಾಳಿ? ಅದಕ್ಕ ತಲಿ ಕೆಟ್ಟೈತಿ ಬಿಡು" ಎಂದಳು.

ನಿನ್ನ,
ಕಾಕಾ