ಟಿಪ್ಪಣಿಗಳಲ್ಲಿ ಬರುವ ಹೆಸರುಗಳ ಸೂಚಿ ಕುರಿತು

ಸದಸ್ಯರ ಗಮನಕ್ಕೆ: ವಂಶಾವಳಿ ತಂತ್ರಾಂಶದ ಟಿಪ್ಪಣಿಯೊಳಗೆ ಬರೆದ ಹೆಸರುಗಳು ಸಾಮಾನ್ಯವಾಗಿ ವರದಿಯ ನಾಮಸೂಚಿಗೆ ಸೇರುವುದಿಲ್ಲ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಂಶಾವಳಿ ಸಾಗಿಸಲು ಬಳಸುವ ಗೆಡ್‌ಕಾಮ್ ಕಡತದಲ್ಲಿ ವ್ಯಕ್ತಿಯ ಹೆಸರು ‘ನೇಮ್’ ಎಂಬ ಗುರುತಿನಡಿ, ಕುಲನಾಮ ಎರಡು ಓರೆಗೆರೆಗಳ ನಡುವೆ ಇರುತ್ತದೆ. ‘ನೋಟ್’ ಅಡಿಯ ಪಠ್ಯವಾದರೋ ತಂತ್ರಾಂಶದ ಪಾಲಿಗೆ ಬರಿಯ ವಾಕ್ಯ. ಆದ್ದರಿಂದ ‘ಮದುವೆಗೆ ವಧುವಿನ ಸೋದರಮಾವ ಸಾಕ್ಷಿ ಹಾಕಿದರು’ ಎಂದು ಟಿಪ್ಪಣಿಯಲ್ಲಿ ಬರೆದು ಸುಮ್ಮನಾಗದೆ, ಆ ಸಾಕ್ಷಿದಾರರಿಗೆ ಪ್ರತ್ಯೇಕ ದಾಖಲೆ ತೆರೆದು, ಒಬ್ಬರ ದಾಖಲೆಗೆ ಇನ್ನೊಬ್ಬರನ್ನು ಸಂಬಂಧಿಸುವ ‘ಅಸೋ’ (ASSO) ಕೊಂಡಿಯ ಮೂಲಕ ಜೋಡಿಸಬೇಕೆಂದು ಕೋರುತ್ತೇನೆ. ಗೆಡ್‌ಕಾಮ್‌ನ 2021ರ 7.0 ಆವೃತ್ತಿಯಲ್ಲಿ ಸಾಕ್ಷಿ ಎಂಬ ಪಾತ್ರವನ್ನೂ ನಮೂದಿಸಬಹುದು. ಗ್ರಾಂಪ್ಸ್ ಎಂಬ ವಂಶಾವಳಿ ತಂತ್ರಾಂಶದಲ್ಲಿ ಟಿಪ್ಪಣಿಯ ಪದವನ್ನೇ ವ್ಯಕ್ತಿಯ ದಾಖಲೆಗೆ ಕೊಂಡಿಯಾಗಿಸಬಹುದಾದರೂ, ಅದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿಕಾಣದು. ಗೆಡ್‌ಕಾಮ್‌ಗೆ ರಫ್ತಾದಾಗ ಉಳಿಯುವುದು ಪಠ್ಯವಷ್ಟೇ. ಬರೀ ‘ಅಜ್ಜಿ’ ಎಂದು ಬರೆದಿದ್ದರಂತೂ ಹುಡುಕು ಸೌಲಭ್ಯವೂ ಕೈಕೊಡುತ್ತದೆ.